ತುಕ್ರಪ್ಪನ ಮಗನಿಗೆ ಬಿದ್ದ ಮದ್ದು

ಮದುವೆಯ ಊಟಕ್ಕೆ ಕೂತರೆ ತುಕ್ರಪ್ಪ ಮೊದಲು ನೋಡುವುದು ತನ್ನ ಎಲೆಯನ್ನಲ್ಲ, ಪಕ್ಕದವನ ಎಲೆಯನ್ನು. ಪಕ್ಕದವನು ಪಾಯಸ ಉಂಡು, ತೇಗಿ, ಇನ್ನೊಂದು ಸೌಟು ಬಡಿಸಿ ಎಂದು ಕೈ ಎತ್ತಿದ ಮೇಲೆಯೇ ಇವನ ಕೈ ಎಲೆಗೆ ಇಳಿಯುವುದು. ಸ್ವಂತ ಅಕ್ಕನ ಮನೆಗೆ ಹೋದರೂ ಅಷ್ಟೆ. "ಹೊಟ್ಟೆ ಸರಿ ಇಲ್ಲ ಅಕ್ಕ" ಎಂದು ಚಹಾ ಬೇಡವೆಂದು, ಬಾವಿಯಿಂದ ತಾನೇ ಸೇದಿದ ನೀರು ಕುಡಿದು ಬರುವವನು. ಅಕ್ಕನಿಗೆ ಸಿಟ್ಟು ಬರುತ್ತದೆ. ಬರಲಿ ಎನ್ನುತ್ತಾನೆ.

ಅವನಿಗೆ ಹೆದರಿಕೆ ಮದ್ದಿನದ್ದು. ನಮ್ಮ ಕಡೆ ಡಾಕ್ಟರು ಕೊಡುವುದೂ ಮದ್ದೇ, ಅಡಿಕೆ ಮರಕ್ಕೆ ಬಿಡುವುದೂ ಮದ್ದೇ, ಇಲಿಗೆ ಇಡುವುದೂ ಮದ್ದೇ. ಆದರೆ ತುಕ್ರಪ್ಪ ಸ್ವರ ತಗ್ಗಿಸಿ "ಮದ್ದು" ಎಂದರೆ ಅದು ಕೈಮದ್ದು. ಆಗದವರು ಅನ್ನದಲ್ಲೋ ಪದಾರ್ಥದಲ್ಲೋ ಬೆರೆಸಿ ಕೊಡುವಂಥದ್ದು. ಒಮ್ಮೆ ಒಳಗೆ ಹೋದರೆ ಕರುಳಿಗೆ ಅಂಟಿ ಕೂತು ಮನುಷ್ಯನನ್ನು ಒಣಗಿಸಿ ಹಾಕುತ್ತದೆ, ಇಲ್ಲದಿದ್ದರೆ ಕೊಟ್ಟವರ ಹಿಂದೆ ನಾಯಿಯ ಹಾಗೆ ತಿರುಗಿಸುತ್ತದೆ ಎಂದು ಅವನ ನಂಬಿಕೆ. ಅವನ ಅಪ್ಪ ಕುಡಿದು ಕುಡಿದು ಸತ್ತದ್ದು ಎಂದು ಅವನ ಊರು ಚಾರ್ಮಾಡಿಯಲ್ಲಿ ಎಲ್ಲರಿಗೂ ಗೊತ್ತು. ತುಕ್ರಪ್ಪನನ್ನು ಕೇಳಿದರೆ ಮಾತ್ರ, ಅಪ್ಪ ಸತ್ತದ್ದು ದೊಡ್ಡಪ್ಪನ ಮನೆಯ ಹಬ್ಬದೂಟದಿಂದ.

ಕೆಲಸ ರಬ್ಬರ್ ಟ್ಯಾಪಿಂಗ್. ಬೆಳಕು ಹರಿಯುವ ಮೊದಲು ಹಣೆಗೆ ಲೈಟು ಕಟ್ಟಿಕೊಂಡು ತೋಟಕ್ಕೆ ಹೋಗಿ, ಮರದಿಂದ ಮರಕ್ಕೆ ಓಡಿ, ತೊಗಟೆಗೆ ಕತ್ತಿ ಕೊಟ್ಟು, ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗೆ ರಬ್ಬರ್ ಹಾಲು ಇಳಿಯುವ ಹಾಗೆ ಮಾಡಿ ಬರಬೇಕು. ಅಲ್ಲಿಯೂ ಸಂಶಯ ಬಿಟ್ಟದ್ದಿಲ್ಲ. ಹಾಲು ಕಡಿಮೆ ಬಿದ್ದ ದಿನ ಮಳೆಗೆ ಬಯ್ಯುವುದಿಲ್ಲ, ಆಚೆ ತೋಟದ ಟ್ಯಾಪರ್‌ಗೆ ಬಯ್ಯುತ್ತಾನೆ. ಹೆಂಡತಿ ಸೇಸಮ್ಮ ಒಮ್ಮೆ, "ನಿಮ್ಮ ನೆರಳಿನ ಮೇಲಾದ್ರೂ ನಂಬಿಕೆ ಉಂಟಾ?" ಎಂದು ಕೇಳಿದ್ದಕ್ಕೆ, "ಅದು ಮಧ್ಯಾಹ್ನ ಎಲ್ಲಿ ಹೋಗ್ತದೆ ಅಂತ ನೋಡಬೇಕು" ಎಂದಿದ್ದ.

ಇಂಥವನು ಕಣ್ಣು ಮುಚ್ಚಿ ನಂಬಿದ್ದು ಒಂದೇ ಮನೆಯನ್ನು. ತೋಟದ ದಣಿ ಸಂಪತ್‌ಕುಮಾರರ ಮೂಡುಬಿದಿರೆಯ ಮನೆ. ಜೈನರ ಮನೆ. ಸೋಸದ ನೀರನ್ನು ಬಾಯಿಗೆ ಇಡುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಒಲೆ ಹಚ್ಚುವುದಿಲ್ಲ, ನೆಲದಡಿಯ ಗಡ್ಡೆಗೆ ಕೂಡ ಅಡುಗೆಮನೆಯಲ್ಲಿ ಜಾಗ ಇಲ್ಲ. ಒಂದು ಇರುವೆ ಸಾಯಬಾರದೆಂದು ನೋಡಿ ನಡೆಯುವವರು ಮನುಷ್ಯನಿಗೆ ಮದ್ದು ಹಾಕುತ್ತಾರೆಯೇ? ದಣಿಯ ಹೆಂಡತಿ ಪ್ರಭಾವತಿ ಅಮ್ಮ ಬೆಲ್ಲ, ನೀರು ತಂದಿಟ್ಟರೆ ತುಕ್ರಪ್ಪ ಎತ್ತಿ ಗಟಗಟ ಕುಡಿಯುತ್ತಿದ್ದ. ಹೊರಗೆ ಬೇರೆಯವರ ಕೈಯಿಂದ ಅವನು ಕುಡಿದ ನೀರು ಎಂದರೆ ಅದೊಂದೇ.

ಮಗ ಜಿತೇಶನನ್ನು ಮೂಡುಬಿದಿರೆಗೆ ಕಳಿಸುವಾಗಲೂ ಅದೇ ಧೈರ್ಯ. ದಣಿಯ ಮಗ ಅಂಕಿತ್ ಅಲ್ಲಿ ದೊಡ್ಡದೊಂದು ಜಿಮ್ ಹಾಕಿದ್ದ. ಅವನೇ ಜಿತೇಶನನ್ನು ಟೈಲ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಸಿ, ಸಂಜೆ ಜಿಮ್ಮಿಗೆ ಬಾ ಎಂದೂ ಹೇಳಿದ. "ಸಣ್ಣ ದಣಿ ನೋಡಿಕೊಳ್ತಾರೆ" ಎಂದು ತುಕ್ರಪ್ಪ ಎದೆ ಉಬ್ಬಿಸಿ ಊರಿಡೀ ಹೇಳಿದ.

ಹುಡುಗ ಸಪೂರ ಇದ್ದ. ಉದ್ದಕ್ಕೆ ಬೆಳೆದದ್ದೇ ಹೊರತು ಅಡ್ಡಕ್ಕೆ ಏನೂ ಇಲ್ಲ. ಜೊತೆಯವರು ಇಟ್ಟ ಹೆಸರು ಸೆಲ್ಫಿ ಸ್ಟಿಕ್. ಫೋಟೋ ತೆಗೆಯುವಾಗಲೆಲ್ಲ "ಮಾರಾಯ, ಜಿತೇಶನ ತುದಿಗೆ ಮೊಬೈಲ್ ಸಿಕ್ಕಿಸಿ" ಎಂದು ನಗಾಡುವುದು. ಮನೆಯಲ್ಲಿ ಯಾರಿಗೂ ಅವನು ಅದನ್ನು ಹೇಳಿರಲಿಲ್ಲ. ತಂಗಿ ಮೋಕ್ಷಿತಾಳಿಗೆ ಮಾತ್ರ ಗೊತ್ತಿತ್ತು.

ಒಂದು ವರ್ಷ ಕಳೆಯುವುದರೊಳಗೆ ಸೆಲ್ಫಿ ಸ್ಟಿಕ್ ಹೋಗಿ ಬೇರೆಯೇ ಒಬ್ಬ ಮನೆಗೆ ಬರತೊಡಗಿದ. ಕುತ್ತಿಗೆ ದಪ್ಪ, ತೋಳಿನಲ್ಲಿ ಅಂಗಿಯ ಹೊಲಿಗೆ ಬಿಡುವಷ್ಟು ಮಾಂಸ. ಸೇಸಮ್ಮನಿಗೆ ಮೊದಮೊದಲು ಖುಷಿ. ದೃಷ್ಟಿ ಆದೀತೆಂದು ಉಪ್ಪು ಮೆಣಸು ನಿವಾಳಿಸಿದಳು. ತುಕ್ರಪ್ಪ ಮಗನ ತೋಳು ಹಿಚುಕಿ ನೋಡಿದ. ಇಷ್ಟು ಬೇಗ ಊದುವುದು ಯಾವುದು? ಗದ್ದೆಯ ಭತ್ತಕ್ಕೂ ಸಮಯ ಬೇಕು.

ಆಮೇಲೆ ಒಂದೊಂದೇ ಕಾಣಿಸಿತು. ಬೆನ್ನು ತುಂಬ ಕೀವು ತುಂಬಿದ ಮೊಡವೆ. ರಜೆಯಲ್ಲಿ ಬಂದರೆ ಕನ್ನಡಿ ಬಿಟ್ಟು ಏಳುವುದಿಲ್ಲ. ಅಮ್ಮ ಮಾಡಿದ ಬಂಗುಡೆ ಮೀನಿನ ಪುಳಿಮುಂಚಿ ಸಾರು ಬೇಡ, ಎಣ್ಣೆ ಉಂಟಂತೆ. ಮೊಟ್ಟೆಯ ಬಿಳಿ ತಿಂದು ಹಳದಿಯನ್ನು ನಾಯಿಗೆ ಹಾಕುವುದು. "ನಮ್ಮ ನಾಯಿಗೆ ಕೂಡ ಸಿಕ್ಸ್ ಪ್ಯಾಕ್ ಬರ್ತದೆ ಅಣ್ಣ" ಎಂದು ಮೋಕ್ಷಿತಾ ತಮಾಷೆ ಮಾಡಿದ್ದಕ್ಕೆ ಊಟದ ತಟ್ಟೆಯನ್ನು ಗೋಡೆಗೆ ಎಸೆದ. ಇರುವೆ ಕಚ್ಚಿದರೆ ಅಳುತ್ತಿದ್ದ ಹುಡುಗ. ಎಸೆದ ಮೇಲೆ ತನ್ನ ಕೈಯನ್ನೇ ನೋಡುತ್ತ ನಿಂತ, ಅದು ಬೇರೆ ಯಾರದ್ದೋ ಎಂಬ ಹಾಗೆ.

ತುಕ್ರಪ್ಪನಿಗೆ ಆ ಗಳಿಗೆಯಲ್ಲಿ ಖಾತ್ರಿಯಾಯಿತು. ಯಾರೋ ಮದ್ದು ಹಾಕಿದ್ದಾರೆ.

ಯಾರು? ಮೋಕ್ಷಿತಾಳನ್ನು ಕೂರಿಸಿ ಕೇಳಿದಾಗ ಒಂದು ಹೆಸರು ಹೊರಬಂತು. ವಿಸ್ಮಿತಾ. ಅದೇ ಟೈಲ್ಸ್ ಅಂಗಡಿಯಲ್ಲಿ ಬಿಲ್ ಮಾಡುವವಳು. ನರಿಕೊಂಬಿನಿಂದ ದಿನಾ ಬಸ್ಸಿನಲ್ಲಿ ಬರುವಾಗ ಅಣ್ಣನಿಗೆ ಡಬ್ಬದಲ್ಲಿ ಊಟ ತರುತ್ತಾಳಂತೆ. ಡಬ್ಬ ಕಟ್ಟುವುದು ಅವಳ ಅಮ್ಮ ವಾರಿಜ.

"ಡಬ್ಬ!" ಎಂದ ತುಕ್ರಪ್ಪ. ಅವನಿಗೆ ಅಷ್ಟು ಸಾಕು.

ಮರುದಿನ ಹಾಲು ಎತ್ತಿದವನೇ ಬಸ್ಸು ಹತ್ತಿ ನರಿಕೊಂಬಿಗೆ ಹೋದ. ವಾರಿಜ ಅಂಗಳದಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಇವನು ಚಾರ್ಮಾಡಿಯ ಜಿತೇಶನ ಅಪ್ಪ ಎಂದು ಹೇಳಿಕೊಂಡ, ಆದರೆ ಕೂರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ.

"ನನ್ನ ಮಗನಿಗೆ ಎಂತ ಹಾಕಿದ್ದೀರಿ ಹೇಳಿ. ಹೇಳಿದ್ರೆ ಇಲ್ಲಿಗೇ ಮುಗೀತದೆ."

"ಕೋಳಿಯ ಎದೆಮಾಂಸ ಹಾಕಿದ್ದೇನೆ. ಮತ್ತೆಂತ?"

"ಅದರೊಳಗೆ?"

ವಾರಿಜಳಿಗೆ ಅರ್ಥವಾಯಿತು. ತೊಡೆಯ ಮೇಲಿನ ಬೀಡಿಯ ಮೊರ ಕೆಳಗಿಟ್ಟು ಎದ್ದಳು. "ಓಯ್, ನೀವು ಚಾರ್ಮಾಡಿಯವರಾದ್ರೆ ಚಾರ್ಮಾಡಿಯಲ್ಲಿ ಇರಿ. ಉಪ್ಪಿಲ್ಲ, ಖಾರ ಇಲ್ಲ, ಎಣ್ಣೆ ಇಲ್ಲ, ಬರೀ ಬೇಯಿಸಿದ ಕೋಳಿ. ನಿಮ್ಮ ಮಗನೇ ಹಾಗೆ ಬೇಕು ಅಂತ ಹೇಳಿದ್ದು. ನಮ್ಮ ಬೆಕ್ಕು ಮೂಸಿ ನೋಡಿ ಹೋಗ್ತದೆ. ಮದ್ದು ಹಾಕುವವರು ಸ್ವಲ್ಪ ರುಚಿಯಾದ್ರೂ ಮಾಡ್ತಾರೆ ಮಾರಾಯ್ರೆ!"

ಬೇಲಿಯ ಆಚೆಯಿಂದ ಯಾರೋ ಕಿಸಕ್ಕೆಂದು ನಕ್ಕರು. ತುಕ್ರಪ್ಪನಿಗೆ ಮೈ ಉರಿಯಿತು.

"ನಗಾಡ್ಬೇಡಿ. ನಿಮ್ಮ ಮಗಳಿಗೆ ಅವನನ್ನು ಕಟ್ಟಿ ಹಾಕ್ಲಿಕ್ಕೆ ಮಾಡಿದ ಕೆಲಸ ಇದು."

"ಕಟ್ಟಿ ಹಾಕ್ಲಿಕ್ಕಾ?" ವಾರಿಜಳ ಸ್ವರ ಇಳಿಯಿತು. "ನನ್ನ ಮಗಳು ಡಬ್ಬ ಕೊಡುವುದು ಬಿಟ್ಟು ತಿಂಗಳಾಯ್ತು. ಗಿರಾಕಿಗೆ ಹೊಡೀಲಿಕ್ಕೆ ಹೋದನಂತೆ ನಿಮ್ಮ ಮಗ. ಅವಳಿಗೆ ಅವನ ಕಣ್ಣು ನೋಡಿದ್ರೇ ಹೆದರಿಕೆ. ಮೊದಲು ನೀವು ಅವನ ಕಣ್ಣು ನೋಡಿ, ಮತ್ತೆ ನನ್ನ ಅಡಿಗೆ ನೋಡಿ."

ಡಬ್ಬ ಬಿಟ್ಟಿದ್ದಾರಂತೆ! ಸಿಕ್ಕಿಬೀಳುತ್ತೇವೆಂದು ಗೊತ್ತಾದ ಮೇಲೆ ಬಿಟ್ಟದ್ದು, ಮತ್ತೇನು? ಹಿಂದಕ್ಕೆ ಬರುವ ಬಸ್ಸಿನಲ್ಲಿ ತುಕ್ರಪ್ಪ ಹೀಗೆಯೇ ಲೆಕ್ಕ ಹಾಕಿದ. ಆದರೆ ಮನೆಗೆ ಬಂದಾಗ ಮಗ ಕೆಲಸಕ್ಕೆ ರಜೆ ಹಾಕಿ ಬಂದು ಜಗಲಿಯಲ್ಲಿ ಮಲಗಿದ್ದ. ಮೈ ತುರಿಸಿ ತುರಿಸಿ ತೋಳಿನಲ್ಲಿ ಗೀರು ಎದ್ದಿತ್ತು. ಕಣ್ಣು ನೋಡಿದ. ಬಿಳಿ ಇರಬೇಕಾದಲ್ಲಿ ಅರಸಿನ.

ತುಕ್ರಪ್ಪ ಇನ್ನೊಮ್ಮೆ ಬಗ್ಗಿ ನೋಡಿದ. ಇದು ಹಿಂದೆ ತಿರುಗಿಸುವ ಮದ್ದಲ್ಲ, ಕೊಲ್ಲುವ ಮದ್ದು.

ಹತ್ತಿರ ಕೂತು, ಆದಷ್ಟು ಮೆತ್ತಗೆ ಹೇಳಿದ. "ಮಗಾ, ನಿನಗೆ ಮದ್ದು ಬಿದ್ದಿದೆ. ನನಗೆ ಗೊತ್ತುಂಟು."

ಜಿತೇಶ ಮೈ ತುರಿಸುವುದನ್ನು ನಿಲ್ಲಿಸಿದ. ಜಿಮ್ಮಿನಲ್ಲಿ ಮೈ ಉಬ್ಬಿಸಲಿಕ್ಕೆ ಅವನು ತೆಗೆದುಕೊಳ್ಳುತ್ತಿದ್ದ ವಸ್ತುವಿಗೂ ಹೆಸರು ಅದೇ. ಮದ್ದು. ಯಾರೂ ಸ್ಟಿರಾಯ್ಡ್ ಎಂದು ಬಾಯಿ ಬಿಟ್ಟು ಹೇಳುವುದಿಲ್ಲ. "ಇವತ್ತು ಮದ್ದು ಹಾಕಿದ್ದೀಯಾ?" "ಮದ್ದು ಬಂದಿದೆಯಾ?" ಎಂದೇ ಮಾತು. ಅಪ್ಪ ಹೇಳಿದ್ದು ಅದನ್ನೇ ಎಂದುಕೊಂಡ.

"ಯಾರು ಹೇಳಿದ್ದಪ್ಪ?"

"ಯಾರೂ ಹೇಳ್ಬೇಕಂತ ಇಲ್ಲ. ನನಗೆ ಕಣ್ಣಿಲ್ವಾ? ಹೆದರ್ಬೇಡ. ತೆಗೆಸುವ."

"ತೆಗೀಲಿಕ್ಕೆ ಆಗ್ತದಾ?" ಹುಡುಗ ಎದ್ದು ಕೂತ. ಎಷ್ಟೋ ದಿನದಿಂದ ಒಬ್ಬನೇ ಹೆದರಿಕೊಂಡಿದ್ದವನ ಸ್ವರ ಅದು.

"ಆಗ್ತದೆ. ಕನ್ಯಾನದಲ್ಲಿ ಬಾಗಿ ಅಜ್ಜಿ ಅಂತ ಇದ್ದಾರೆ. ಎಂತೆಂಥ ಮದ್ದು ತೆಗೆದವರು."

ಕನ್ಯಾನ ಎಂದರೆ ಚಾರ್ಮಾಡಿಯಿಂದ ಹತ್ತಿರ ಅಲ್ಲ. ಬೆಳ್ತಂಗಡಿ, ಬಿ.ಸಿ. ರೋಡ್, ವಿಟ್ಲ, ಆಮೇಲೆ ಕೇರಳದ ಗಡಿಯ ಗುಡ್ಡ. ಬಸ್ಸಿನಲ್ಲಿ ಅಪ್ಪ ಮಗ ಅಕ್ಕಪಕ್ಕ ಕೂತು ಒಂದೇ ಶಬ್ದವನ್ನು ಹಿಡಿದುಕೊಂಡು ಎರಡು ಸಂಗತಿ ಮಾತಾಡಿದರು.

"ಕೊಟ್ಟವರ ಸೊಂಟ ಮುರೀತೇನೆ" ಎಂದ ತುಕ್ರಪ್ಪ.

"ಬೇಡಪ್ಪ. ಅವರು ಒತ್ತಾಯ ಮಾಡ್ಲಿಲ್ಲ. ನಾನೇ ಕೇಳಿ ತಗೊಂಡದ್ದು."

ತುಕ್ರಪ್ಪ ಹಣೆ ಚಚ್ಚಿಕೊಂಡ. ನೋಡಿ, ಮದ್ದು ತಲೆಗೆ ಹತ್ತಿದೆ! ಹಾಕಿದವಳ ಪರವಾಗಿಯೇ ಮಾತಾಡುತ್ತದೆ.

ಬಾಗಿ ಅಜ್ಜಿಯ ಮನೆಯ ಮುಂದೆ ಕಾಯುವವರು ಬಹಳ ಇರಲಿಲ್ಲ. ಸೊಪ್ಪು ಅರೆದ ರಸ ಕುಡಿಸಿ ವಾಂತಿ ಮಾಡಿಸುವುದು ಅಲ್ಲಿನ ಕ್ರಮ. ವಾಂತಿಯಲ್ಲಿ ಗಂಟಿನ ಹಾಗೆ ಏನಾದರೂ ಕಂಡರೆ ಅದೇ ಮದ್ದು. ಅಜ್ಜಿ ರಸದ ಗಿಂಡಿ ಹಿಡಿದು ಬಂದವಳು ಮೊದಲು ಹುಡುಗನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಮದ್ದು ಬಿದ್ದವರು ಒಣಗಿ ಬರ್ತಾರೆ. ಇದು ಕೋಣದ ಹಾಗೆ ಉಂಟಲ್ಲ! ಎಷ್ಟು ಸಮಯದಿಂದ ಉಂಟು ಮಗಾ, ಹೊಟ್ಟೆಯೊಳಗೆ?"

"ಹೊಟ್ಟೆಗೆ ಗುಳಿಗೆ ಮಾತ್ರ ಅಜ್ಜಿ. ಹೆಚ್ಚಿನದ್ದು ಅಂಡಿಗೆ."

"ಎಲ್ಲಿಗೆ?"

"ಅಂಡಿಗೆ. ಇಂಜೆಕ್ಷನ್."

ಕಾಯುತ್ತ ಕೂತ ಹೆಂಗಸೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಅಜ್ಜಿ ಗಿಂಡಿ ಕೆಳಗಿಟ್ಟಳು. "ಬಾಯಿಂದ ಹೋದದ್ದಾದ್ರೆ ಬಾಯಿಂದ ತೆಗೀತೇನೆ. ಅಂಡಿನಿಂದ ಹೋದದ್ದನ್ನು ನಾನು ಎಲ್ಲಿಂದ ತೆಗೀಲಿ?" ಆಮೇಲೆ ಅವನ ಕಣ್ಣಿನ ರೆಪ್ಪೆ ಎಳೆದು ನೋಡಿದವಳಿಗೆ ತಮಾಷೆ ಹೋಯಿತು. "ಇವನಿಗೆ ನಾನು ರಸ ಕೊಡುವುದಿಲ್ಲ. ಸತ್ತರೆ ನನ್ನ ತಲೆಗೆ. ಆಸ್ಪತ್ರೆಗೆ ಕರ್ಕೊಂಡು ಹೋಗಿ, ಈಗಲೇ."

ತುಕ್ರಪ್ಪನಿಗೆ ಇನ್ನೂ ಹೊಳೆಯಲಿಲ್ಲ. "ಇಂಜೆಕ್ಷನ್ ಚುಚ್ಚಿದ್ದಾ? ವಾರಿಜಳಾ?"

"ವಾರಿಜ ಯಾಕೆ ಚುಚ್ತಾರೆ? ಅವರು ಕೋಳಿ ಬೇಯಿಸಿ ಕೊಟ್ಟದ್ದು ಅಷ್ಟೆ. ಮದ್ದು ಅಂಕಿತಣ್ಣ ಕೊಡುವುದು. ಮೈ ಬೇಗ ಬರ್ತದೆ ಅಂತ ಹೇಳಿ. ಅಪ್ಪ, ನಿಮಗೆ ಗೊತ್ತುಂಟು ಅಂತ ಹೇಳಿದ್ದಲ್ವಾ?"

ಸಣ್ಣ ದಣಿ. ಇರುವೆ ತುಳಿಯದ ಮನೆಯವರು. ತುಕ್ರಪ್ಪ ಅಜ್ಜಿಯ ಮೆಟ್ಟಿಲಿನಲ್ಲಿ ಹಾಗೆಯೇ ಕೂತುಬಿಟ್ಟ. ಹುಟ್ಟಿದಂದಿನಿಂದ ಅನ್ನದ ಅಗುಳನ್ನು ಕಾದವನು. ಸೂಜಿಯನ್ನು ಕಾಯಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಲ್ಲಿಂದ ಬಾಡಿಗೆ ಕಾರು ಮಾಡಿ ನೇರ ಮಂಗಳೂರಿನ ದೊಡ್ಡ ಆಸ್ಪತ್ರೆಗೆ. ಡಾಕ್ಟರ್ ಶಮ್ನಾ ಎಂಬವರು ನೋಡಿದರು. ರಕ್ತ ತೆಗೆದರು, ಹೊಟ್ಟೆಗೆ ಸ್ಕ್ಯಾನ್ ಮಾಡಿದರು, ಎದೆಗೆ ತಂತಿ ಅಂಟಿಸಿದರು. ಜಿತೇಶ ಅಂಗಿ ತೆಗೆಯಲಿಕ್ಕೆ ಒಪ್ಪಲಿಲ್ಲ. ತೆಗೆಸಿದಾಗ ಯಾಕೆಂದು ಗೊತ್ತಾಯಿತು. ಅಷ್ಟು ದೊಡ್ಡ ಎದೆಯ ಮೇಲೆ ಮೊಲೆಯ ಗಂಟು ಕಟ್ಟಿ ಹುಡುಗಿಯರ ಹಾಗೆ ಉಬ್ಬಿತ್ತು. ತುಕ್ರಪ್ಪ ಮುಖ ತಿರುಗಿಸಿದ. ಮಗ ಅಳುತ್ತಿದ್ದ.

ಡಾಕ್ಟರು ಹೊರಗೆ ಕರೆದು ಹೇಳಿದರು. "ಲಿವರ್ ತುಂಬ ಕೆಟ್ಟಿದೆ. ಹೃದಯಕ್ಕೂ ಭಾರ ಬಿದ್ದಿದೆ. ಎಂತ ತಗೊಂಡಿದ್ದಾನೆ ಅಂತ ಸರಿಯಾಗಿ ಗೊತ್ತಾಗ್ಬೇಕು. ಅವನಿಗೇ ಗೊತ್ತಿಲ್ಲ, ಲೇಬಲ್ ಕಿತ್ತು ಕೊಡ್ತಿದ್ರಂತೆ. ಅದು ಸಿಕ್ಕಿದ್ರೆ ನಮಗೆ ದಾರಿ ಕಾಣ್ತದೆ."

ಸೇಸಮ್ಮನನ್ನು ಕರೆಸಿ ಮಗನ ಹತ್ತಿರ ಬಿಟ್ಟು, ಮರುದಿನ ತುಕ್ರಪ್ಪ ಮೂಡುಬಿದಿರೆಗೆ ಹೋದ. ಬಸ್ಸಿನಲ್ಲಿ ಅವನಿಗೆ ತೋಟದ ಹಳೆ ಮರಗಳ ನೆನಪಾಯಿತು. ಕಡಿಯಲಿಕ್ಕೆ ಇಟ್ಟ ರಬ್ಬರ್ ಮರಕ್ಕೆ ಕೊನೆಯ ವರ್ಷ ತೊಗಟೆಗೆ ಒಂದು ಮದ್ದು ಸವರುತ್ತಾರೆ. ಹಾಲು ಗೆರಟೆ ತುಂಬಿ ಚೆಲ್ಲುತ್ತದೆ. ಆಮೇಲೆ ತೊಗಟೆ ಒಣಗಿ ಕೂರುತ್ತದೆ, ಮರ ಗರಗಸಕ್ಕೆ ಹೋಗುತ್ತದೆ. ಎಷ್ಟೋ ಮರಕ್ಕೆ ಅವನೇ ಸವರಿದ್ದ. ಆದರೆ ಅದು ಕಡಿಯುವ ಮರ. ಇದು ಮಗ.

ಜಿಮ್ಮಿನಲ್ಲಿ ಹಾಡು ಕಿವಿ ಒಡೆಯುವ ಹಾಗೆ ಹಾಕಿದ್ದರು. ಗೋಡೆ ತುಂಬ ಕನ್ನಡಿ. ಅಂಕಿತ್ ಕಬ್ಬಿಣ ಎತ್ತುವ ಹುಡುಗನ ಹಿಂದೆ ನಿಂತಿದ್ದ.

"ಏನು ತುಕ್ರಪ್ಪ, ಇಲ್ಲಿ?"

"ಬಾಟ್ಲಿ ಕೊಡಿ. ಮಗನಿಗೆ ಚುಚ್ಚಿದ್ದು. ಡಾಕ್ಟ್ರು ಕೇಳ್ತಿದ್ದಾರೆ."

"ಯಾವ ಬಾಟ್ಲಿ? ನಾನು ಪೌಡರ್ ಕೊಟ್ಟದ್ದು. ಪ್ರೋಟೀನ್. ಅದು ಎಲ್ಲರೂ ತಗೊಳ್ಳುವುದು. ಅವನು ಬೇರೆ ಕಡೆ ಎಂತ ಹಾಕಿಸಿಕೊಂಡಿದ್ದಾನೋ ನನಗೆ ಹೇಗೆ ಗೊತ್ತು?"

ಮೊನ್ನೆವರೆಗೆ ಈ ಮಾತು ಕೇಳಿದ್ದರೆ ತುಕ್ರಪ್ಪ ಮಗನನ್ನೇ ಸಂಶಯಪಡುತ್ತಿದ್ದ. ಇವತ್ತು ಅಂಕಿತನ ಕತ್ತು ನೋಡಿದ, ತೋಳಿನ ಮೇಲಿನ ಮೊಡವೆ ನೋಡಿದ. ಕೈ ಮುಷ್ಟಿಯಾಯಿತು. ಹೊಡೆದರೆ ಬಾಟಲಿ ಸಿಗುವುದಿಲ್ಲ ಎಂದು ಹಲ್ಲು ಕಚ್ಚಿ ಹೊರಗೆ ಬಂದ. ನೇರ ದಣಿಯ ಮನೆಗೆ ನಡೆದ.

ಸಂಪತ್‌ಕುಮಾರರು ಬೆಂಗಳೂರಿಗೆ ಹೋಗಿದ್ದರು. ಪ್ರಭಾವತಿ ಅಮ್ಮ ಎಂದಿನ ಹಾಗೆ ಬೆಲ್ಲ, ನೀರು ತಂದು ಜಗಲಿಯಲ್ಲಿ ಇಟ್ಟರು. ತುಕ್ರಪ್ಪ ಮುಟ್ಟಲಿಲ್ಲ.

"ಕುಡಿ ತುಕ್ರಪ್ಪ. ಬಿಸಿಲಿನಲ್ಲಿ ಬಂದಿದ್ದೀಯಲ್ಲ."

"ಬೇಡ ಅಮ್ಮ."

"ಯಾಕೆ? ಹೊಟ್ಟೆ ಸರಿ ಇಲ್ವಾ?"

"ಹೊಟ್ಟೆ ಸರಿ ಉಂಟು."

ಅವನ ಗುಣ ಅವರಿಗೆ ಗೊತ್ತಿತ್ತು. ಊರಿಡೀ ಸಂಶಯಪಡುವವನು ತಮ್ಮ ಮನೆಯಲ್ಲಿ ಮಾತ್ರ ಕುಡಿಯುತ್ತಾನೆ ಎಂಬ ಹೆಮ್ಮೆಯೂ ಇತ್ತು. ಲೋಟ ನೋಡಿದರು, ಅವನ ಮುಖ ನೋಡಿದರು. "ನಮ್ಮ ಮನೆಯ ನೀರನ್ನೂ ಸಂಶಯಪಡ್ತೀಯಾ?"

"ಹೌದು ಅಮ್ಮ" ಎಂದ ತುಕ್ರಪ್ಪ. ಎಂದವನೇ ಗಳಗಳ ಅತ್ತುಬಿಟ್ಟ. ಅಳುತ್ತಲೇ ಎಲ್ಲ ಹೇಳಿದ.

ಪ್ರಭಾವತಿ ಅಮ್ಮ ಪೂರ್ತಿ ಕೇಳಿಸಿಕೊಂಡರು. ಒಳಗೆ ಹೋಗಿ ಮಗನಿಗೆ ಫೋನ್ ಮಾಡಿದರು. ಅಂಕಿತ್ ಬೈಕಿನಲ್ಲಿ ಬಂದು ಅಂಗಳದಲ್ಲಿ ತುಕ್ರಪ್ಪನನ್ನು ಕಂಡವನು, "ಅಮ್ಮ, ಇವನ ಮಾತು ನಂಬ್ತೀಯಾ? ಇವನಿಗೆ ಇಡೀ ಲೋಕ ಮದ್ದು ಹಾಕ್ತದೆ!" ಎಂದ.

"ಅವನನ್ನು ಬಿಡು. ನಿನ್ನ ಕೋಣೆಯ ಫ್ರಿಡ್ಜಿನ ಬೀಗದ ಕೈ ಕೊಡು."

"ಅದರಲ್ಲಿ ಎಂತದೂ ಇಲ್ಲ."

"ಎಂತದೂ ಇಲ್ಲದ್ದಕ್ಕೆ ಬೀಗ ಯಾಕೆ?" ಅಮ್ಮ ಕೈ ಚಾಚಿ ನಿಂತರು. "ನಾನು ತಿಂಗಳುಗಟ್ಟಲೆ ನೋಡಿದ್ದೇನೆ. ಕೇಳ್ಲಿಲ್ಲ. ಪೌಡರ್ ಆಗಿರಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ನಿನಗೂ ಎದೆ ಹೊಡ್ಕೊಳ್ತದೆ ಅಂತ ನಿದ್ದೆ ಬಿಟ್ಟು ಕೂರ್ತೀಯಲ್ಲ, ಅದೂ ಪೌಡರಾ?"

ಅಂಕಿತನ ಮುಖದಲ್ಲಿದ್ದ ಗಟ್ಟಿತನ ಕಳಚಿತು. ಅಷ್ಟು ದೊಡ್ಡ ಮೈ ಹೊತ್ತವನು ಅಮ್ಮನ ಎದುರು ತಲೆ ಕೆಳಗೆ ಹಾಕಿದ. "ನಾನೂ ತಗೊಳ್ತೇನೆ ಅಮ್ಮ. ಕೆಟ್ಟದಾದ್ರೆ ನಾನು ತಗೊಳ್ತಿದ್ನಾ? ಎಲ್ಲರಿಗೂ ಹೀಗೆಯೇ ಮೈ ಬರುವುದು. ಇಲ್ಲದಿದ್ರೆ ಯಾರು ಬರ್ತಾರೆ ಜಿಮ್ಮಿಗೆ?"

ಬೀಗದ ಕೈ ಕೊಟ್ಟ. ಬಾಟಲಿ, ಗುಳಿಗೆಯ ಡಬ್ಬಿ, ಕಿತ್ತ ಲೇಬಲ್ಲುಗಳು ಎಲ್ಲ ಒಂದು ಚೀಲದಲ್ಲಿ ಬಂದವು. "ಇವನನ್ನೂ ಕರ್ಕೊಂಡು ಹೋಗು ತುಕ್ರಪ್ಪ. ಇವನ ರಕ್ತವನ್ನೂ ನೋಡಲಿ" ಎಂದರು ಪ್ರಭಾವತಿ ಅಮ್ಮ. ದಾರಿಯಿಡೀ ಅಂಕಿತ್ ಕಾರು ಓಡಿಸಿದ. ತುಕ್ರಪ್ಪ ಹಿಂದಿನ ಸೀಟಿನಲ್ಲಿ ಚೀಲವನ್ನು ಎದೆಗೆ ಒತ್ತಿಕೊಂಡು ಕೂತ. ಕಸಿದು ಕಿಟಕಿಯಿಂದ ಎಸೆದಾನು ಎಂದು ಅಂಕಿತನ ಕೈಯ ಮೇಲಿಂದ ಕಣ್ಣು ತೆಗೆಯಲಿಲ್ಲ.

ಶಮ್ನಾ ಡಾಕ್ಟರು ಅಂಕಿತನನ್ನು ರಕ್ತ ಪರೀಕ್ಷೆಗೆ ಕಳಿಸಿ, ಚೀಲದಲ್ಲಿದ್ದ ಒಂದೊಂದನ್ನೇ ತಿರುಗಿಸಿ ನೋಡಿದರು. ಲಿವರಿಗೆ ಏಟು ಕೊಟ್ಟದ್ದು ಗುಳಿಗೆ ಎಂದರು. ಇಂಜೆಕ್ಷನಿನ ಬಾಟಲಿಯೊಳಗೆ ಲೇಬಲಿನಲ್ಲಿ ಇದ್ದದ್ದೇ ಇರಬೇಕೆಂದೂ ಇಲ್ಲವಂತೆ, ಕಳ್ಳಮಾಲು. ಚಿಕಿತ್ಸೆ ಬದಲಾಯಿತು. ಕೆಲವು ದಿನ ಸೇಸಮ್ಮ ಉಣ್ಣಲಿಲ್ಲ, ತುಕ್ರಪ್ಪ ಮಲಗಲಿಲ್ಲ. ಆಮೇಲೆ ಕಣ್ಣಿನ ಅರಸಿನ ನಿಧಾನಕ್ಕೆ ಇಳಿಯತೊಡಗಿತು. ಜೀವಕ್ಕೆ ಭಯ ಇಲ್ಲ, ಆದರೆ ಇನ್ನು ಒಂದು ಸಲ ಮುಟ್ಟಿದರೂ ಕೈಮೀರುತ್ತದೆ ಎಂದು ಡಾಕ್ಟರು ಮಗನ ಮುಂದೆಯೇ ಹೇಳಿದರು.

ಜಿತೇಶ ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರೆ, ತೋಳು ಇಳೀತದಾ?"

ತುಕ್ರಪ್ಪ ದಂಗಾದ. ಸತ್ತು ಬದುಕಿದವನು ಕೇಳುವ ಮಾತೇ ಇದು? ಹೊಡೆಯಲಿಕ್ಕೆ ಕೈ ಎತ್ತಿದವನು ಹಾಗೆಯೇ ಇಳಿಸಿದ. ಮದ್ದು ಲಿವರಿನಿಂದ ಇಳಿದಿದೆ, ತಲೆಯಲ್ಲಿ ಹಾಗೆಯೇ ಉಂಟು.

ಡಾಕ್ಟರು ಹೋದ ಮೇಲೆ ಹುಡುಗ ಮೊಬೈಲ್ ತೆಗೆದು ನೋಡುತ್ತ ಮಲಗಿದ. ತುಕ್ರಪ್ಪ ಇಣುಕಿದ. ಅಂಗಿ ಇಲ್ಲದ ಗಂಡಸರು, ಒಬ್ಬನಾದ ಮೇಲೆ ಒಬ್ಬ, ಎಣ್ಣೆ ಹಚ್ಚಿದ ಮೈ ಉಬ್ಬಿಸಿ ನಗುತ್ತಿದ್ದರು. ಇಷ್ಟು ದಿನ ಮಗ ಇದನ್ನೇ ನೋಡುತ್ತಿದ್ದದ್ದು. ತಾನು ಡಬ್ಬ ನೋಡುತ್ತಿದ್ದೆ.

ಮಂಚದ ಮೇಲೆ ಒತ್ತಿ ಕೂತು ಮೊಬೈಲಿಗೆ ಬೆರಳಿಟ್ಟ. "ಇವನು ಯಾರು?"

"ಫೇಮಸ್ ಅಪ್ಪ. ಬರೀ ಮೊಟ್ಟೆ, ಅನ್ನ ತಿಂದು ಮಾಡಿದ್ದು ಅಂತ ಹೇಳ್ತಾನೆ."

"ಮೊಟ್ಟೆ ತಿಂದಾ? ಅವನ ಕತ್ತು ನೋಡು. ಬೆನ್ನು ಯಾಕೆ ತೋರಿಸುವುದಿಲ್ಲ ಅವನು? ಮೊಡವೆ ಉಂಟು. ಸುಳ್ಳು ಹೇಳ್ತಾನೆ."

"ಗೊತ್ತಿಲ್ಲ."

"ನನಗೆ ಗೊತ್ತುಂಟು. ಮುಂದಿನವನನ್ನು ತೆಗಿ."

ಮುಂದಿನವನು ಬಂದ. ತುಕ್ರಪ್ಪ ಕನ್ನಡಕ ಸರಿಮಾಡಿ, ಮದುವೆ ಮನೆಯ ಎಲೆ ನೋಡುವುದಕ್ಕಿಂತ ಹೆಚ್ಚು ಹುಷಾರಿನಲ್ಲಿ ನೋಡಿದ.

"ಇವನೂ ಕಳ್ಳ."

"ಅಪ್ಪ, ಇದು ಚಾಕಲೇಟಿನ ಜಾಹೀರಾತು. ಇವನು ಆ್ಯಕ್ಟರ್."

"ಆದ್ರೂ ನನಗೆ ಸಂಶಯ."

ಜಿತೇಶನಿಗೆ ನಗು ಬಂತು. ಹೊಟ್ಟೆಯ ಬಲಕ್ಕೆ ನೋವಾಗಿ ಕೈ ಒತ್ತಿಕೊಂಡ, ಆದರೂ ನಕ್ಕ. ಅವನೇ ಮುಂದಿನದಕ್ಕೆ ಸರಿಸಿ, ಒಂದು ಗಳಿಗೆ ನೋಡಿ, ಅಪ್ಪ ಬಾಯಿ ತೆರೆಯುವ ಮೊದಲೇ ಮೆಲ್ಲ ಹೇಳಿದ.

"ಇವನಿಗೂ ಬಿದ್ದಿದೆ ಅಪ್ಪ. ಇವನ ಎದೆ ನೋಡಿ, ನನ್ನ ಹಾಗೆಯೇ ಉಂಟು."